ಯುದ್ಧದ ಮಾತೂ ಯುದ್ಧಾನಂತರದ ಕೆಲಸವೂ

ಮಾಸೂರು ಸೀಮೆಯ ಹಿಡುವಳಿದಾರರಿಗೂ ಊರ ಹಿರಿಯರಿಗೂ ತಿಳಿವಳಿಕೆ

ಯುದ್ಧವು ಬರುವುದೋ ಬಾರದೋ, ಬಂದರೆ ಯಾರಿಗೆ ಜಯವಾದೀತು ಎಂಬ ಚರ್ಚೆಯು ಹಳ್ಳಿಯ ಚಾವಡಿಗೆ ಹೊಸದಲ್ಲ. ಸಂತೆಯಿಂದ ಬಂದವನು ಒಂದು ಸುದ್ದಿಯನ್ನು ತರುವನು. ಪತ್ರಿಕೆಯನ್ನು ಓದಬಲ್ಲವನು ಅದಕ್ಕೆ ಇನ್ನೊಂದನ್ನು ಸೇರಿಸುವನು. ಮಾತು ಸರಿರಾತ್ರಿಯವರೆಗೆ ಬೆಳೆಯುವುದು. ಈ ಮಾತಿನಿಂದ ಯಾವ ಯುದ್ಧವೂ ಹತ್ತಿದ್ದಿಲ್ಲ, ಯಾವುದೂ ನಿಂತದ್ದಿಲ್ಲ. 1939ನೆಯ ಇಸವಿ ಸೆಪ್ಟೆಂಬರ್ 3ರಂದು ಹಿಂದೂಸ್ಥಾನವು ಯುದ್ಧಕ್ಕೆ ಸೇರಿದೆಯೆಂದು ವೈಸರಾಯ್ ಲಿನ್‌ಲಿತ್‌ಗೋ ಸಾರಿದಾಗ ಕೇಂದ್ರದ ಶಾಸನಸಭೆಯ ಅಭಿಪ್ರಾಯವನ್ನೇ ಕೇಳಿರಲಿಲ್ಲ. ಮುಂಬಯಿ ಪ್ರಾಂತದ ಮಂತ್ರಿಮಂಡಲವು ಇದೇ ಕಾರಣದಿಂದ ಆ ವರ್ಷವು ಮುಗಿಯುವುದರೊಳಗೆ ಅಧಿಕಾರವನ್ನು ಬಿಟ್ಟುಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆಯೊಂದಿತ್ತು. ತಾಲ್ಲೂಕುಗಳ ಹಿಡುವಳಿದಾರರು ಅದರಲ್ಲಿ ಕುಳಿತು ಕೆರೆ, ರಸ್ತೆ, ಕಂದಾಯಗಳ ವಿಷಯವಾಗಿ ಅಹವಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಯುದ್ಧವನ್ನು ಹೂಡುವ ಅಥವಾ ಬಿಡುವ ಅಧಿಕಾರವು ಆ ಸಭೆಗೂ ಇರಲಿಲ್ಲ.

ಹಾಗೆಂದಮಾತ್ರಕ್ಕೆ ಹಳ್ಳಿಯವರು ಯುದ್ಧದ ಮಾತನ್ನು ಆಡಲೇಬಾರದೆಂದಲ್ಲ. ಯಾವುದನ್ನು ಚರ್ಚಿಸಿದರೆ ಫಲವುಂಟೋ ಅದನ್ನು ಚರ್ಚಿಸಬೇಕು. ಯುದ್ಧಕಾಲದಲ್ಲಿ ಧಾರಣೆಯು ಏರಿದಾಗ ಕೈಗೆ ಬಂದ ಹಣವು ಎಲ್ಲಿಗೆ ಹೋಗತಕ್ಕದ್ದು, ಊರಿನ ಕಾಳಿನಲ್ಲಿ ಎಷ್ಟು ಊರಿನಲ್ಲೇ ಉಳಿಯತಕ್ಕದ್ದು, ಯುದ್ಧವು ಮುಗಿದು ಧಾರಣೆಯು ಕುಸಿದ ಮೇಲೆ ಏನನ್ನು ಕಟ್ಟತಕ್ಕದ್ದು, ಈ ಮೂರನ್ನೂ ನಿಶ್ಚಯಿಸುವವರು ಹಳ್ಳಿಯವರೇ. ಇವನ್ನು ಯುದ್ಧವು ಮುಗಿದ ಮೇಲೆ ಯೋಚಿಸಿದವರು ಕೆಟ್ಟರು. ಧಾರಣೆಯು ಮೇಲಿರುವಾಗಲೇ ಯೋಚಿಸಿದವರು ಉಳಿದರು. ಮಾಸೂರಿನ ಸುತ್ತಣ ನಾಡಿನಲ್ಲಿಯೇ ಇದಕ್ಕೆ ಸಾಕಷ್ಟು ನಿದರ್ಶನಗಳು ದೊರೆಯುತ್ತವೆ.

ಮಾಸೂರು ಮಲೆನಾಡಿನ ಸೆರಗಿನಲ್ಲಿರುವ ಊರು. ಶಿಕಾರಿಪುರದ ಕಡೆಯಿಂದ ಬರುವ ಕುಮುದ್ವತಿ ನದಿಯು ಇದರ ಬಳಿಯಲ್ಲಿ ಗುಡ್ಡಗಳ ನಡುವೆ ಹಾಯ್ದು ರಟ್ಟೀಹಳ್ಳಿಯ ಮಾರ್ಗವಾಗಿ ತುಂಗಭದ್ರೆಯನ್ನು ಸೇರುತ್ತದೆ. ಆ ಗುಡ್ಡಗಳ ಸಂದನ್ನು ಕಟ್ಟಿ ಮಾಡಿದ ಮದಗದ ಕೆರೆಯು ವಿಜಯನಗರದ ಕಾಲದ್ದೆಂದು ಪ್ರಸಿದ್ಧವಾಗಿದೆ. 1956ರ ನವೆಂಬರ್ 1ರವರೆಗೆ ಈ ಊರು ಮುಂಬಯಿ ಆಳಿಕೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹಿರೇಕೆರೂರು ಮುಖ್ಯಸ್ಥಳವಾಗಿದ್ದ ತಾಲೂಕಿಗೆ ಮೊದಲು ಕೋಡ ತಾಲೂಕೆಂದು ಹೆಸರು. ಕೆಲವೇ ಹರದಾರಿಗಳ ಆಚೆಗೆ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲ್ಲೂಕು. ಈಚೆ ಪಾಟೀಲ, ಕುಲಕರ್ಣಿ; ಆಚೆ ಪಟೇಲ, ಶಾನುಭೋಗ. ನದಿಯೂ ಮಳೆಯೂ ಒಂದೇ, ಕಾಯಿದೆಗಳು ಎರಡು. ಆದುದರಿಂದ ಒಂದೇ ಯುದ್ಧವು ಎರಡು ಸರ್ಕಾರಗಳ ಕೈಯಲ್ಲಿ ಹೇಗೆ ನಡೆಯಿತೆಂಬುದನ್ನು ನೋಡುವುದಕ್ಕೆ ಇದು ತಕ್ಕ ಸ್ಥಳವಾಗಿದೆ.

ಧಾರವಾಡ ಸೀಮೆಯ ಒಕ್ಕಲಿಗನಿಗೆ ದೂರದ ಯುದ್ಧದ ರುಚಿಯು ಮೊದಲು ತಿಳಿದದ್ದು ಹತ್ತಿಯ ಮೂಲಕ. 1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳೊಳಗೆ ಯುದ್ಧವು ಹತ್ತಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದು ಆ ದಕ್ಷಿಣ ರಾಜ್ಯಗಳಿಂದ ಬರುತ್ತಿದ್ದಿತು. ಉತ್ತರದವರ ನೌಕಾಬಲವು ದಕ್ಷಿಣದ ಬಂದರುಗಳನ್ನು ಮುಚ್ಚಿಬಿಟ್ಟಿತು. ಲ್ಯಾಂಕಶೈರಿನ ಗಿರಣಿಗಳು ನಿಂತವು. ವರ್ತಕರ ಕಣ್ಣು ಹಿಂದೂಸ್ಥಾನದ ಮೇಲೆ ಬಿದ್ದಿತು. ಧಾರವಾಡದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜವನ್ನು ತಂದು ಬಿತ್ತಿಸಿ ನೆಲಕ್ಕೆ ಒಗ್ಗಿಸಲಾಗಿತ್ತು. ಧಾರವಾಡ ಅಮೆರಿಕನ್ ಎಂಬ ಆ ಹತ್ತಿಯೂ, ಇಲ್ಲಿಯದೇ ಆಗಿ ಕುಮಟಾ ಬಂದರಿನ ಮೂಲಕ ಹೋಗುತ್ತಿದ್ದುದರಿಂದ ಕುಮಟಾ ಎಂಬ ಹೆಸರನ್ನು ಪಡೆದ ನಾಟಿ ಹತ್ತಿಯೂ ಒಮ್ಮೆಲೇ ಬಂಗಾರವಾದವು. ಲಿವರ್‌ಪೂಲಿನಲ್ಲಿ ಹಿಂದೂಸ್ಥಾನದ ಹತ್ತಿಯ ಧಾರಣೆಯು 1864ರ ಹೊತ್ತಿಗೆ ಯುದ್ಧದ ಮೊದಲಿನ ಮೂರು ಪಟ್ಟಿಗೂ ಮೇಲೇರಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿಯನ್ನು ಘಟ್ಟದಿಂದ ಇಳಿಸುವ ದಾರಿಗಳ ಮೇಲೂ ಕಾರವಾರ ಬಂದರಿನ ಮೇಲೂ ಮ್ಯಾಂಚೆಸ್ಟರಿನ ವರ್ತಕರು ಆಗ ಬಹಳ ಆಸೆಯನ್ನಿಟ್ಟಿದ್ದರು.

ಆ ನಾಲ್ಕು ವರ್ಷಗಳ ಹಣವು ಏನಾಯಿತೆಂಬುದೇ ಇಲ್ಲಿ ಕಲಿಯತಕ್ಕ ಪಾಠ. ಮೊದಲನೆಯದಾಗಿ ಕಲಬೆರಕೆ. ತೂಕಕ್ಕೆ ಹಣ ಬರುವಾಗ ಹತ್ತಿಯಲ್ಲಿ ಬೀಜ, ಕಸ, ಮಣ್ಣು ಸೇರಿದವು. ಒಳ್ಳೆಯ ಹತ್ತಿಯೊಡನೆ ಕೀಳು ಹತ್ತಿಯನ್ನು ಕೂಡಿಸಿ ಅಂಡಿಗೆ ಕಟ್ಟಿದರು. ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವುದಕ್ಕಾಗಿಯೇ ಒಂದು ಶಾಸನವನ್ನು ಮಾಡಬೇಕಾಯಿತು. ಈ ಮೋಸದಲ್ಲಿ ದಲಾಲಿಯ ಪಾಲೇ ಹೆಚ್ಚಿನದೆಂದು ರೈತನು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಕೆಟ್ಟದ್ದು ರೈತನ ಹತ್ತಿಯ ಹೆಸರು. ಎರಡನೆಯದಾಗಿ ಬೀಜವು ಬೆರೆತುಹೋಯಿತು. ನಾಲ್ಕು ವರ್ಷದ ಆತುರದಲ್ಲಿ ಕೆಟ್ಟ ಬೀಜವನ್ನು ಮತ್ತೆ ಶುದ್ಧಮಾಡಬೇಕಾದರೆ ಅರ್ಧ ಶತಮಾನವು ಸಂದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡ, ಗದಗಗಳ ಕ್ಷೇತ್ರಗಳಲ್ಲಿ ಒಂದೊಂದು ಗಿಡವನ್ನೂ ಆರಿಸಿ ಬೆಳೆಸಿದ ಮೇಲೆಯೇ ಗದಗ ನಂ. 1, ಜಯವಂತ, ಮುಂದೆ ಜಯಧರ ಎಂಬ ಒಳ್ಳೆಯ ತಳಿಗಳು ರೈತನ ಕೈಗೆ ಬಂದವು. ಹುಬ್ಬಳ್ಳಿಯಲ್ಲಿ 1915ರಲ್ಲಿ ಸ್ಥಾಪಿತವಾದ ಹತ್ತಿ ಮಾರಾಟದ ಸಹಕಾರ ಸಂಘವೂ ಇದೇ ಹುಣ್ಣಿಗೆ ಮದ್ದು. ಬೆಳೆದವರೇ ಕೂಡಿ ಶುದ್ಧವಾದ ಸರಕನ್ನು ಒಟ್ಟಿಗೆ ಮಾರಿದರೆ ಕಲಬೆರಕೆಗೆ ಎಡೆಯಿರದು.

ಮೂರನೆಯದು ಸಾಲ. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧವು ಮುಗಿಯಿತು. ಅದೇ ಜುಲೈ 1ರಂದು ಮುಂಬಯಿಯ ಷೇರುಪೇಟೆಯು ಕುಸಿದು ಕೋಟ್ಯಧೀಶರೆನಿಸಿದ್ದವರು ದಿವಾಳಿಯಾದರು. ಪೇಟೆಯವನ ದಿವಾಳಿಯು ಒಂದು ದಿನದಲ್ಲಿ ಮುಗಿಯುವ ಮಾತು, ಹಳ್ಳಿಯವನದು ಹತ್ತು ವರ್ಷ ಎಳೆಯುವುದು. ಪುಣೆ, ಅಹಮದ್‌ನಗರದ ಕಡೆಯಲ್ಲಿ 1875ರಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಆ ದಂಗೆಯ ಬೇರುಗಳಲ್ಲಿ ಹತ್ತಿಯ ಕಾಲದಲ್ಲಿ ಸುಲಭವಾಗಿ ದೊರೆತ ಸಾಲವೂ ಒಂದು. ಅದರ ಬೆನ್ನಿಗೇ 1876ರಿಂದ 78ರವರೆಗಿನ ದೊಡ್ಡ ಬರವು ಬಂದಿತು. ಹತ್ತಿಯ ಹಣದಲ್ಲಿ ಬಾವಿಯನ್ನು ತೋಡಿದವನಿಗೂ, ಅದೇ ಹಣದಲ್ಲಿ ಮದುವೆಯ ಮೆರವಣಿಗೆಯನ್ನು ಹಿರಿದುಮಾಡಿದವನಿಗೂ ಅಂತರವು ಆ ಬರದಲ್ಲಿ ತಿಳಿಯಿತು.

ಈ ಸಾಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಓದುಬರಹ ಬಲ್ಲ ಹಿಡುವಳಿದಾರರೂ ಇಲ್ಲಿ ತಪ್ಪುತ್ತಾರೆ. ಸಾಲವು ರೂಪಾಯಿಯಲ್ಲಿರುತ್ತದೆ, ಅದನ್ನು ತೀರಿಸುವುದು ಬೆಳೆಯಿಂದ. ಒಬ್ಬ ರೈತನಿಗೆ 300 ರೂಪಾಯಿ ಸಾಲವಿದ್ದು, ಹತ್ತಿಯು ಮಣಕ್ಕೆ 10 ರೂಪಾಯಿಯಂತೆ ಮಾರುತ್ತಿರುವುದೆಂದು ಭಾವಿಸಬಹುದು. ಆ ಸಾಲದ ಭಾರವು 30 ಮಣ ಹತ್ತಿ. ಯುದ್ಧವು ಬಂದು ಧಾರಣೆಯು 30 ರೂಪಾಯಿಗೆ ಏರಿದರೆ 10 ಮಣದಲ್ಲಿಯೇ ಸಾಲವು ತೀರುವುದು. ಜಾಣನು ಆಗಲೇ ತೀರಿಸಿಬಿಡುವನು. ಇನ್ನೊಬ್ಬನು ಅದೇ ವರ್ಷ, 20 ಮಣದಲ್ಲಿ ತೀರಿಸಬಲ್ಲೆನೆಂದು ಎಣಿಸಿ, 600 ರೂಪಾಯಿ ಹೊಸ ಸಾಲವನ್ನು ಎತ್ತುವನು. ಸಾಹುಕಾರನೂ ಹೊಲದ ಬೆಲೆ ಏರಿದೆಯೆಂದು ಕೈಯೆತ್ತಿ ಕೊಡುವನು. ಶಾಂತಿಯಾಗಿ ಧಾರಣೆಯು ಮೊದಲಿನ 10 ರೂಪಾಯಿಗೆ ಇಳಿದಾಗ ಅವನು ಬಡ್ಡಿಯನ್ನು ಬಿಟ್ಟು 60 ಮಣ ಹತ್ತಿಯನ್ನು ಅಳೆಯಬೇಕು. ಹೊಲವೂ ಅದೇ, ಎತ್ತೂ ಅದೇ, ಬೆಳೆಯೂ ಅಷ್ಟೇ. ಸಾಲವು ಮೂರು ಪಟ್ಟಾಯಿತು. ಕಂದಾಯದ ಲೆಕ್ಕವೂ ಹೀಗೆಯೇ. ಅದು ಹಣದಲ್ಲಿ ಗೊತ್ತಾಗಿದ್ದ ಕಾಲದಲ್ಲಿ ಧಾರಣೆ ಏರಿದಾಗ ಹಗುರವಾಗಿಯೂ 1929ರ ಅನಂತರದ ಜಗತ್ತಿನ ಮುಗ್ಗಟ್ಟಿನಲ್ಲಿ ಧಾರಣೆ ಬಿದ್ದಾಗ ಭಾರವಾಗಿಯೂ ಕಂಡಿತು.

1914ರ ಮಹಾಯುದ್ಧದಲ್ಲಿ ಗಡಿಯಾಚೆಯ ಮೈಸೂರು ಸಂಸ್ಥಾನವು ಮಾಡಿದ ಕೆಲಸವೊಂದು ಇಲ್ಲಿ ಸ್ಮರಣೀಯ. ಸಂಸ್ಥಾನದ ಶ್ರೀಗಂಧದ ಕೊರಡುಗಳು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧದಿಂದ ಆ ಗಿರಾಕಿಯು ತಪ್ಪಿಹೋದನು. ಯುದ್ಧವು ಮುಗಿಯಲೆಂದು ಕಾಯದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿಯೇ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದರು. ಸಾಬೂನೂ ಅದರಿಂದಲೇ ಹುಟ್ಟಿತು. ಎಲ್ಲ ಯೋಜನೆಗಳೂ ಹೀಗೆ ಫಲಿಸಲಿಲ್ಲವೆಂಬುದನ್ನೂ ಹೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಯುದ್ಧಕಾಲದ ಧಾರಣೆಯಲ್ಲಿ ಯೋಚಿಸಿ 1923ರಲ್ಲಿ ಆರಂಭಿಸುವ ಹೊತ್ತಿಗೆ ಕಬ್ಬಿಣದ ಬೆಲೆಯು ಬಿದ್ದುಹೋಗಿತ್ತು. ಮೊದಲ ವರ್ಷಗಳು ನಷ್ಟದಲ್ಲಿ ಕಳೆದವು. ದೊಡ್ಡ ದಿವಾನರ ಲೆಕ್ಕವೇ ಧಾರಣೆಯ ಮುಂದೆ ಹೀಗಾದರೆ ಸಣ್ಣ ಹಿಡುವಳಿದಾರನು ಎರಡು ಪಟ್ಟು ಎಚ್ಚರವಾಗಿರತಕ್ಕದ್ದು. ಆ ಯುದ್ಧದ ಕೊನೆಯಲ್ಲಿ, 1918ರಲ್ಲಿ, ಮಳೆಯೂ ತಪ್ಪಿತು, ಇನ್‌ಫ್ಲುಯೆಂಜಾ ಜ್ವರವೂ ಬಂದಿತು. ಕೊಯ್ಯುವ ಕೈಗಳಿಲ್ಲದೆ ಬೆಳೆಯು ಹೊಲದಲ್ಲಿ ನಿಂತ ಊರುಗಳುಂಟು.

ಎರಡನೆಯ ಮಹಾಯುದ್ಧವು ಹತ್ತಿಯ ಪಾಠವನ್ನು ತಲೆಕೆಳಗು ಮಾಡಿತು. ಈ ಸಲ ಯುದ್ಧದಿಂದ ಗಿರಾಕಿ ಬರಲಿಲ್ಲ, ಹೋದನು. ಗಿಡ್ಡ ಎಳೆಯ ಹತ್ತಿಯನ್ನು ಬಹಳವಾಗಿ ಕೊಳ್ಳುತ್ತಿದ್ದ ಜಪಾನು 1941ರಲ್ಲಿ ಶತ್ರುವಾಯಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನಿನ ವಶವಾಗಿ ಬರ್ಮಾದ ಅಕ್ಕಿಯು ನಿಂತಿತು. ದೇಶದ ಒಟ್ಟು ಅಕ್ಕಿಯಲ್ಲಿ ಅದು ಸಣ್ಣ ಭಾಗವೇ. ಆದರೆ ಸಣ್ಣ ಭಾಗವು ತಪ್ಪಿದೊಡನೆ ಉಳ್ಳವರು ಬಚ್ಚಿಟ್ಟರು, ಇಲ್ಲದವರು ಬೆದರಿದರು, ಬೆಲೆಯು ಹಾರಿತು. 1943ರಲ್ಲಿ ಬಂಗಾಳದಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತವರನ್ನು ಮೂವತ್ತು ಲಕ್ಷದವರೆಗೆ ಎಣಿಸಿದ್ದಾರೆ. ಅವರಲ್ಲಿ ಬಹುಮಂದಿ ಕೂಲಿಯವರು, ಬೆಸ್ತರು, ಕುಶಲಕರ್ಮಿಗಳು. ಬೆಳೆದು ಮಾರುವವರಲ್ಲ, ಕೊಂಡು ಉಣ್ಣುವವರು. ಹಿಡುವಳಿದಾರನು ತನ್ನ ಕಾಳಿನ ಧಾರಣೆಯನ್ನು ನೋಡಿ ಹಿಗ್ಗುವಾಗ, ಅದೇ ಊರಿನಲ್ಲಿ ಹಣದ ಕೂಲಿಯನ್ನು ನಂಬಿದವನ ಒಲೆಯ ಕಡೆಗೂ ಒಮ್ಮೆ ನೋಡತಕ್ಕದ್ದೆಂಬುದು ಇದರಿಂದ ಸಿದ್ಧವಾಗುತ್ತದೆ.

ಸರ್ಕಾರಗಳು ಆಗ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಚಳವಳಿಯನ್ನು 1942ರಲ್ಲಿ ತೊಡಗಿದವು. ಹತ್ತಿಯ ನೆಲವನ್ನು ಕಡಿಮೆಮಾಡಿ ಆಹಾರಧಾನ್ಯವನ್ನು ಬಿತ್ತಿಸುವುದಕ್ಕೆ ಮುಂಬಯಿ ಪ್ರಾಂತದಲ್ಲಿ 1944ರಲ್ಲಿ ಶಾಸನವಾಯಿತು. ಬೆಳೆದ ಕಾಳಿನಲ್ಲಿ ಇಂತಿಷ್ಟನ್ನು ಗೊತ್ತಾದ ಬೆಲೆಗೆ ಸರ್ಕಾರಕ್ಕೆ ಅಳೆಯಬೇಕೆಂಬ ಲೆವಿಯು ಗಡಿಯ ಎರಡು ಕಡೆಯಲ್ಲಿಯೂ ಜಾರಿಗೆ ಬಂದಿತು. ಇಲ್ಲಿಯೇ ಊರ ಮುಖಂಡರ ಹೊಣೆಯು ದೊಡ್ಡದಾಯಿತು. ಯಾರ ಹೊಲ ಎಷ್ಟು, ಬೆಳೆ ಎಷ್ಟಾಣೆ, ಮನೆಯಲ್ಲಿ ಉಣ್ಣುವ ಬಾಯಿಗಳೆಷ್ಟು ಎಂಬ ಪಟ್ಟಿಯು ಚಾವಡಿಯಲ್ಲಿ ಆಗುತ್ತಿದ್ದಿತು. ಪಟ್ಟಿಯು ನ್ಯಾಯವಾದಲ್ಲಿ ಕಹಿಯಾದ ಕಾಯಿದೆಯನ್ನೂ ಜನರು ನುಂಗಿದರು. ಬಲಿಷ್ಠನ ಹಗೇವನ್ನು ಬಿಟ್ಟು ಬಡವನ ಗುಡಾಣವನ್ನು ಎಣಿಸಿದಲ್ಲಿ ಆ ಹಗೆತನವು ಯುದ್ಧವು ಮುಗಿದ ಮೇಲೂ ಊರಿನಲ್ಲಿ ಉಳಿಯಿತು. ಮುಂದೆ ಪುನರ್ನಿರ್ಮಾಣಕ್ಕೆಂದು ಅದೇ ಮುಖಂಡನು ಜನರನ್ನು ಕರೆದಾಗ ಬಂದವರೆಷ್ಟು, ಬಾರದವರೆಷ್ಟು ಎಂಬುದು ಆ ಹಳೆಯ ಪಟ್ಟಿಯನ್ನು ಅವಲಂಬಿಸಿತ್ತು.

ಜನರನ್ನು ಕೇಳದೆ ಯುದ್ಧವನ್ನು ಅವರ ತಲೆಯ ಮೇಲೆ ಹೊರಿಸಿದುದರ ಬೇರೊಂದು ಫಲವೂ ಈ ನಾಡಿನಲ್ಲಿ ಕಂಡಿತು. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಕಂದಾಯವನ್ನು ನಿರಾಕರಿಸಿ ತಮ್ಮದೇ ಸರ್ಕಾರವೆಂದು ಸಾರಿದರು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಮಡಿದರು, ಊರು ಸೂರೆಯಾಯಿತು, 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಿದರು. ಈಚೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಸರ್ಕಾರದ ಕಂದಾಯದ ಹಣವಿದ್ದ ಠಾಣೆಗೆ ನುಗ್ಗಿದ ಮೈಲಾರ ಮಹಾದೇವರೂ ಇಬ್ಬರು ಸಂಗಡಿಗರೂ ಗುಂಡಿಗೆ ಬಲಿಯಾದರು. ಯುದ್ಧದ ಚರ್ಚೆಯಲ್ಲಿ ಹಳ್ಳಿಯ ಮಾತಿಗೆ ಎಡೆಯಿಲ್ಲದಿದ್ದಾಗ ಹಳ್ಳಿಯು ಮಾತನಾಡಿದ ರೀತಿಯಿದು.

ಇತ್ತ ಯುದ್ಧವು ನಡೆಯುತ್ತಿರುವಾಗಲೇ ಯುದ್ಧೋತ್ತರ ಪುನರ್ನಿರ್ಮಾಣವೆಂಬ ಮಾತು ರಾಜಧಾನಿಗಳಲ್ಲಿ ಬೆಳೆಯಿತು. 1944ರಲ್ಲಿ ಮುಂಬಯಿಯ ಉದ್ಯಮಿಗಳು ಹದಿನೈದು ವರ್ಷಗಳಿಗೆ 10,000 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಕೈಗಾರಿಕೆಗೆ 4,480 ಕೋಟಿ. ದೇಶದ ಬಹುಪಾಲು ಜನರು ಬದುಕುವ ಬೇಸಾಯಕ್ಕೆ 1,240 ಕೋಟಿ. ಯೋಜನೆಯನ್ನು ಬರೆಯುವವನ ಮೇಜು ಎಲ್ಲಿರುವುದೋ ಹಣವು ಅತ್ತ ಹರಿಯುವುದು ಸ್ವಾಭಾವಿಕ. ಹಳ್ಳಿಯ ಯೋಜನೆಯನ್ನು ಹಳ್ಳಿಯವರೇ ಬರೆದಿಟ್ಟುಕೊಂಡಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ದೊಡ್ಡ ಕಾಮಗಾರಿಗಳಿಗೆ ಕಾಲವು ಹಿಡಿಯುತ್ತದೆ. ಜೋಗದ ವಿದ್ಯುತ್ತಿನ ಕೆಲಸವನ್ನು ಮೈಸೂರು ಸರ್ಕಾರವು 1939ರಲ್ಲಿ ಆರಂಭಿಸಿತು. ಅದೇ ವರ್ಷ ಯುದ್ಧವು ಹತ್ತಿತು. ಪರದೇಶದ ಯಂತ್ರಗಳನ್ನು ನಂಬಿದ ಕೆಲಸವಾದ್ದರಿಂದ ವಿದ್ಯುತ್ತು ಹರಿದದ್ದು 1948ರಲ್ಲಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು 1860ರಷ್ಟು ಹಿಂದಿನದು. ಮದರಾಸು, ಹೈದರಾಬಾದು ಸರ್ಕಾರಗಳ ಒಪ್ಪಂದವಾದದ್ದು 1944ರಲ್ಲಿ, ಅಸ್ತಿಭಾರವು 1945ರ ಫೆಬ್ರವರಿಯಲ್ಲಿ, ನೀರು ಬಿಟ್ಟದ್ದು 1953ರಲ್ಲಿ. ಮಾಸೂರಿನ ಗುಡ್ಡಗಳ ನಡುವೆ ಹರಿದುಹೋಗುವ ನೀರು ಆ ಜಲಾಶಯಕ್ಕೆ ಸೇರುತ್ತದೆ. ಆದರೆ ಆ ಕಾಲುವೆಗಳು ನೆನೆಸುವುದು ಬಳ್ಳಾರಿ, ರಾಯಚೂರುಗಳ ನೆಲವನ್ನು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳಬೇಕಾಗಿಲ್ಲ. ಆ ಸೀಮೆಗಳು ಬರದಿಂದ ಬೆಂದವು. ಮಾಸೂರಿನವನು ತನ್ನ ನೀರನ್ನು ತನ್ನ ಕೆರೆಯಲ್ಲಿಯೇ ಹುಡುಕಬೇಕೆಂಬುದಷ್ಟೇ ಇದರ ಅರ್ಥ.

ಆ ಕೆರೆಯೇ ಪುನರ್ನಿರ್ಮಾಣದ ರೀತಿಯನ್ನು ಕಲಿಸುವಂತಿದೆ. ಕಟ್ಟಿದವರ ಉದ್ದೇಶವು ಬಹಳ ದೊಡ್ಡದು. ಗುಡ್ಡದಿಂದ ಗುಡ್ಡಕ್ಕೆ ಏರಿಯನ್ನು ಹಾಕಿ ಇಡೀ ನದಿಯನ್ನೇ ತಡೆದರು. ಕೆರೆಯು ಒಡೆಯಿತು, ಬಹುಕಾಲ ಒಡೆದೇ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ದುರಸ್ತಿ ಮಾಡಿದವರು ಹಳೆಯ ವಿಸ್ತಾರವನ್ನು ಮರಳಿ ತರುವ ಸಾಹಸಕ್ಕೆ ಹೋಗದೆ, ಕೈಯಲ್ಲಿದ್ದ ಹಣಕ್ಕೂ ಏರಿಯು ತಾಳುವಷ್ಟು ನೀರಿಗೂ ತಕ್ಕಂತೆ ಕಿರಿದಾಗಿ ಕಟ್ಟಿದರು. ಹಾಗೆ ಕಿರಿದಾದ ಕೆರೆಯ ಕೆಳಗೆ ಗದ್ದೆಗಳು ಬೆಳೆದವು; ಹಳೆಯ ಸಮುದ್ರದಂಥ ಕೆರೆಯ ಕನಸಿನ ಕೆಳಗೆ ಒಂದು ಗದ್ದೆಯೂ ಬೆಳೆಯುತ್ತಿರಲಿಲ್ಲ.

ಒಡ್ಡುಗಳ ವಿಷಯವೂ ಹಾಗೆಯೇ ಸಣ್ಣದು, ಆದರೆ ಒಬ್ಬನಿಂದ ಆಗದು. ಎರೆಭೂಮಿಯ ಇಳಿಜಾರಿನಲ್ಲಿ ಕೆಳಗಿನ ಹೊಲದವನು ಎಷ್ಟೇ ಗಟ್ಟಿಯಾಗಿ ಒಡ್ಡು ಹಾಕಿದರೂ ಮೇಲಿನವನು ಹಾಕದಿದ್ದರೆ ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಹೋಗುವುದು. ಈ ಕಾರಣದಿಂದಲೇ ಮುಂಬಯಿ ಸರ್ಕಾರವು ಯುದ್ಧದ ನಡುವೆ, 1942ರಲ್ಲಿ, ಭೂಸುಧಾರಣಾ ಯೋಜನೆಗಳ ಶಾಸನವನ್ನು ಮಾಡಿ, ಒಂದು ಇಳಿಜಾರಿನ ಎಲ್ಲ ಹೊಲಗಳಿಗೂ ಕೂಡಿಯೇ ಒಡ್ಡು ಹಾಕಿಸುವ ಏರ್ಪಾಡನ್ನು ತಂದಿತು. ಕಾಯಿದೆಯಿಲ್ಲದೆಯೂ ನಾಲ್ಕು ನೆರೆಹೊಲದವರು ಒಪ್ಪಿದರೆ ಈ ಕೆಲಸವು ಆದೀತು. ಎರಡು ಬೇಸಗೆಗಳು ಸಾಕು; ಪರದೇಶದ ಯಂತ್ರವೊಂದೂ ಬೇಡ.

ಪರದೇಶದ ವಸ್ತುವಿನ ಮಾತು ಇಂದಿಗೂ ಹಳತಾಗಿಲ್ಲ. ಈ ಸೀಮೆಯ ಹೊಲಗಳಲ್ಲಿ ಹತ್ತಿಯ ಜಾಗವನ್ನು ಬಹಳಮಟ್ಟಿಗೆ ಗೋವಿನಜೋಳವು ಹಿಡಿದಿದೆ. ಅದು ಗೊಬ್ಬರದ ಚೀಲವನ್ನು ಬೇಡುವ ಬೆಳೆ. 2022ರ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ನುಗ್ಗಿತು. ಯುಕ್ರೇನಿನ ಜೋಳವು ಕಪ್ಪುಸಮುದ್ರದ ಬಂದರುಗಳಲ್ಲಿ ಸಿಕ್ಕಿಕೊಂಡುದರಿಂದ ಇಲ್ಲಿಯ ಗೋವಿನಜೋಳಕ್ಕೆ ಬೆಂಬಲ ಬೆಲೆಯನ್ನು ಮೀರಿದ ಧಾರಣೆಯು ದೊರೆಯಿತು. ಅದೇ ಹೊತ್ತಿಗೆ, ರಷ್ಯ ಮತ್ತು ಬೆಲಾರುಸ್ ದೇಶಗಳು ಹೇರಳವಾಗಿ ಮಾರುವ ಪೊಟ್ಯಾಶ್ ಗೊಬ್ಬರವು 50 ಕಿಲೋ ಚೀಲಕ್ಕೆ 1,700 ರೂಪಾಯಿಯ ಆಸುಪಾಸಿಗೆ ಏರಿತು. ಪೊಟ್ಯಾಶನ್ನು ಭಾರತವು ಪೂರ್ತಿಯಾಗಿ ಹೊರಗಿನಿಂದಲೇ ತರುತ್ತಿದ್ದಿತು. ಯೂರಿಯಾ ಚೀಲದ ಬೆಲೆಯು ರೈತನಿಗೆ ಏರದೆ ನಿಂತದ್ದು ಸರ್ಕಾರವು ಹೊರೆಯನ್ನು ಹೊತ್ತುದರಿಂದ. 2022–23ರಲ್ಲಿ ಗೊಬ್ಬರದ ಸಹಾಯಧನವು ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿಗಳಾಯಿತು. ಒಂದೇ ಯುದ್ಧವು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವುದಕ್ಕೆ ಇದೇ ನಿದರ್ಶನ. ಧಾರಣೆ ಏರಿದ ವರ್ಷದಲ್ಲಿ ತಿಪ್ಪೆಯ ಗುಂಡಿಯನ್ನು ಕಟ್ಟಿಸಿ, ಹಸುರೆಲೆ ಗೊಬ್ಬರಕ್ಕೆ ಬದುವಿನ ಮೇಲೆ ಗಿಡಗಳನ್ನು ನೆಟ್ಟವನಿಗೆ ಮುಂದಿನ ವರ್ಷದ ಚೀಲದ ಬೆಲೆಯ ಭಯವು ಅರ್ಧವಾಗುವುದು.

ಆದಕಾರಣ ಯುದ್ಧದ ಸುದ್ದಿಯು ಬಲವಾದಾಗ ಗ್ರಾಮಸಭೆಯಲ್ಲಿ ಮೊದಲು ಕೇಳತಕ್ಕ ಪ್ರಶ್ನೆಗಳು ಯಾವ ದೇಶವು ಗೆದ್ದೀತೆಂಬವಲ್ಲ. ಊರಿನ ಕಾಳು ಮುಂದಿನ ಸುಗ್ಗಿಯವರೆಗೆ ಬರುವುದೇ, ಕೊಂಡು ಉಣ್ಣುವ ಮನೆಗಳೆಷ್ಟು, ಬಿತ್ತನೆಯ ಬೀಜವು ಊರಿನಲ್ಲಿ ಎಷ್ಟಿದೆ, ಸಹಕಾರ ಸಂಘದ ಸಾಲದಲ್ಲಿ ಈ ವರ್ಷದ ಧಾರಣೆಯಲ್ಲಿಯೇ ತೀರಿಸಬಹುದಾದದ್ದೆಷ್ಟು ಎಂಬಿವುಗಳನ್ನು ಕೇಳಿ ಬರೆದಿಡಬೇಕು. ಹೊಲವನ್ನು ಕೋರಿಗೆ ಮಾಡುವವನೂ ಕೂಲಿಯವನೂ ಆ ಸಭೆಯಲ್ಲಿ ಕುಳಿತಿರಬೇಕು; ಅವರಿಲ್ಲದೆ ಬರೆದ ಪಟ್ಟಿಯು ಲೆವಿಯ ಕಾಲದ ಪಟ್ಟಿಯಂತೆಯೇ ಆದೀತು. ಸೈನ್ಯಕ್ಕೆ ಹೋದ ಹುಡುಗರ ಹೊಲಗಳನ್ನು ಯಾರು ಉಳುವರು, ಮರಳಿ ಬಂದವರಿಗೆ ಯಾವ ಕೆಲಸವಿದೆ ಎಂಬುದೂ ಅದೇ ಪಟ್ಟಿಗೆ ಸೇರತಕ್ಕದ್ದು.

ಕೆರೆಯ ಲೆಕ್ಕಕ್ಕೆ ಮಾತ್ರ ಕಾಲವೊಂದಿದೆ. ಸುಗ್ಗಿಯು ಮುಗಿದು ನೀರು ತಗ್ಗಿದ ಮೇಲೆ, ಮುಂಗಾರಿನ ಮೊದಲ ಹದ ಮಳೆಗಿಂತ ಮುಂಚೆ, ಏರಿಯ ಮೇಲೆ ನಡೆದು ನೋಡಬೇಕು. ಏರಿಯಲ್ಲಿ ಬೇರೂರಿದ ಮರಗಳೆಷ್ಟು, ತೂಬಿನ ಕಲ್ಲು ಎಲ್ಲಿ ಸಡಿಲವಾಗಿದೆ, ಕೋಡಿಯ ಬಾಯಿ ಮುಚ್ಚಿದೆಯೇ, ಹೂಳು ಎಷ್ಟು ಮೊಳ ನಿಂತಿದೆ ಎಂಬುದನ್ನು ಅಳೆದು ಬರೆದುಕೊಂಡು, ಆ ಹೂಳನ್ನು ಯಾವ ಹೊಲಕ್ಕೆ ಎಷ್ಟು ಗಾಡಿ ಎಂದು ಅಲ್ಲಿಯೇ ಹಂಚಿಬಿಡಬೇಕು.